ಕೊಲ್ಲಿಯ ಹನ್ನೆರಡು ಸ್ಪ್ರೂಸ್ ಗಿಡ

ಮಂಗಳವಾರ, 21 ಮಾರ್ಚ್ 1961

ಮುದ್ದಿನ ಕಿರ್ಸಿ,

ಶನಿವಾರ ಬರುವಾಗ ಬಸ್ಸಿನಲ್ಲೇ ಬಾ. ಸುತ್ತು ದಾರಿ, ಎರಡು ಗಂಟೆ ಹಿಡಿಯುತ್ತದೆ, ಪುಟ್ಟ ಲೆಂಪಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಎಲ್ಲ ಗೊತ್ತು. ಆದರೂ ಮಗುವನ್ನು ಜಾರುಬಂಡಿಯಲ್ಲಿ ಕೂರಿಸಿಕೊಂಡು ಹೆಪ್ಪುಗಟ್ಟಿದ ಸರೋವರದ ಮೇಲೆ ಮಾತ್ರ ಬರಬೇಡ. ಅಮ್ಮನಿಗೆ ಈಗೀಗ ಎಲ್ಲದಕ್ಕೂ ಹೆದರಿಕೆ ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ನಗು, ಆದರೆ ಪೂರ್ತಿ ಓದು.

ಫೆಬ್ರವರಿಯಲ್ಲಿ ನಾನೂ ಪಕ್ಕದ ಮನೆಯ ಓಟ್ಸೋನೂ ಕೊಲ್ಲಿಯ ಮೀನುಗಳಿಗೆ ಮನೆ ಕಟ್ಟಿದೆವು. ತಳದಲ್ಲಿದ್ದ ಹಳೆಯ ದಿಮ್ಮಿಗಳನ್ನೆಲ್ಲ ಮರದ ಕಂಪನಿಯವರು ಬಾಚಿಕೊಂಡು ಹೋದಮೇಲೆ ಪರ್ಚ್ ಮೀನಿಗೆ ಮೊಟ್ಟೆಯಿಡಲು ಅಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ. ಸ್ಪ್ರೂಸ್ ಕೊಂಬೆಗಳ ಹನ್ನೆರಡು ಹೊರೆ ಕಟ್ಟಿ, ಕಲ್ಲು ಬಿಗಿದು, ಮಂಜುಗಡ್ಡೆಯ ಮೇಲೆ ಸಾಲಾಗಿ ಇಟ್ಟೆವು. ವಸಂತದಲ್ಲಿ ಅದು ಕರಗಿದಾಗ ತಾವಾಗಿಯೇ ತಳ ಸೇರುತ್ತವೆ. ಹಿಮ ಮುಚ್ಚಿದರೂ ಗುರುತು ಸಿಗಲೆಂದು ಪ್ರತಿ ಹೊರೆಗೂ ಒಂದು ಸಣ್ಣ ಗಿಡ ನೆಟ್ಟಗೆ ಸಿಕ್ಕಿಸಿದವಳು ನಾನು. ಏನಕ್ಕ, ಮೀನುಗಳಿಗೂ ಕ್ರಿಸ್‌ಮಸ್ಸಾ ಅಂತ ಓಟ್ಸೋ ಗೇಲಿ ಮಾಡಿದ. ನಕ್ಕೆವು. ಇಬ್ಬರಿಗೂ ಹೊಳೆಯಲಿಲ್ಲ ನೋಡು.

ಮಂಜುಗಡ್ಡೆಯ ಮೇಲೆ ಸಾಲು ಸ್ಪ್ರೂಸ್ ಕಂಡರೆ ಅದೇ ದಾರಿ, ನಂಬಿ ಕಾಲಿಡಬಹುದು. ನೀನು ನಡೆಯಲು ಕಲಿತಾಗ ಹೇಳಿಕೊಟ್ಟದ್ದೇ ಅದು. ನಮ್ಮ ಸಾಲು ನಿಜವಾದ ದಾರಿಯಿಂದ ಕವಲೊಡೆದಂತೆ ಕಾಣುತ್ತದೆ, ತೊರೆ ಬಂದು ಸೇರುವಲ್ಲಿ ಮುಗಿಯುತ್ತದೆ. ಹೋದ ವಾರದಿಂದ ಬೀಸುತ್ತಿರುವ ಬೆಚ್ಚನೆಯ ಗಾಳಿಗೆ ಅಲ್ಲಿನ ಮಂಜುಗಡ್ಡೆ ಒಳಗೊಳಗೇ ಟೊಳ್ಳಾಗಿದೆ. ಗಿಡ ಕೀಳಲು ಈಗ ಯಾರೂ ಹೋಗುವ ಹಾಗಿಲ್ಲ. ಕವಲಿನಲ್ಲಿ ಓಟ್ಸೋ ಹಗ್ಗ ಕಟ್ಟಿದ್ದಾನೆ, ಆದರೆ ಕಾವಳದಲ್ಲಿ ಹಗ್ಗ ಯಾರಿಗೆ ಕಾಣುತ್ತದೆ? ಆ ಗಿಡಗಳು ಕಾಣದಿರಲೆಂದು ಕಿಟಕಿಯ ಪರದೆ ಎಳೆದೇ ಇಟ್ಟಿದ್ದೇನೆ.

ಭಾನುವಾರ ಓಟ್ಸೋನ ನಾಯಿ ಬಿತ್ತು. ದಟ್ಟ ಕಾವಳ, ಗಿಡಗಳನ್ನೇ ಹಿಡಿದು ಹೋಗಿದೆ. ಒಂಬತ್ತನೆಯದರ ಬಳಿ ಮಂಜುಗಡ್ಡೆ ಸದ್ದೇ ಇಲ್ಲದೆ ಕುಸಿಯಿತು. ಅಂಚು ಹಿಡಿದಷ್ಟೂ ಮುರಿಯುತ್ತಿತ್ತು. ಓಟ್ಸೋ ಏಣಿ ಮಲಗಿಸಿ, ಅದರ ಮೇಲೆ ತೆವಳಿಕೊಂಡು ಹೋಗಿ ಎಳೆದುಕೊಂಡ. ಸೌನಾದ ಬಿಸಿ ಹಬೆಯಲ್ಲಿ ಕೂರಿಸಿದರೂ ಎರಡು ಗಂಟೆ ನಡುಕ ನಿಲ್ಲಲಿಲ್ಲ.

ಅಕ್ಷರ ಸೊಟ್ಟಗಿವೆ, ಬೈಯಬೇಡ. ಒಲೆ ಸರಿಯಾಗಿ ಉರಿಯುತ್ತಿಲ್ಲ, ಬೆರಳು ಮರಗಟ್ಟಿವೆ. ಲೆಂಪಿಗೆ ಬ್ಲೂಬೆರಿ ಸೂಪು ಮಾಡಿಟ್ಟಿರುತ್ತೇನೆ.

ಬಸ್ ನಿಲ್ದಾಣದಲ್ಲಿ ಕಾಯುವ
ನಿನ್ನ ಅಮ್ಮ,
ಐಲಾ

ತಾ.ಕ.: ಕಾಗದ ಒಯ್ಯಲು ಬಂದ ಓಟ್ಸೋ ಇದನ್ನು ಓದಿ, ಶರತ್ಕಾಲದಲ್ಲೇ ಸತ್ತ ನಾಯೀನ ಮತ್ತೆ ಯಾಕಕ್ಕ ಮುಳುಗಿಸ್ತೀರಾ, ಅದನ್ನ ಹೂತಾಗ ಕಿರ್ಸೀನೂ ಇದ್ದಳಲ್ಲ ಅಂದ. ಬಿದ್ದವಳು ನಾನು. ಆ ಗಿಡಗಳನ್ನು ಕೈಯಾರೆ ಸಿಕ್ಕಿಸಿದವಳು ನಾನೇ. ಆದರೂ ಕಾವಳದಲ್ಲಿ ಸಾಲು ಕಂಡದ್ದೇ, ಸದ್ಯ ದಾರಿ ಸಿಕ್ಕಿತು ಅಂದುಕೊಂಡು ನೆಮ್ಮದಿಯಿಂದ ನಡೆದೆ. ನೀರಿನಲ್ಲಿ ನೆನಪಾದದ್ದು ಲೆಂಪಿಯ ಜಾರುಬಂಡಿ. ಬಸ್ಸಿನಲ್ಲೇ ಬಾ, ಕಿರ್ಸಿ.