ಅತನೂರಿನಿಂದ ಬರುವ ಒಪ್ಪಿಗೆ

ಜೇವರ್ಗಿ, ಗುರುವಾರ

ಭಾಗ್ಯಜ್ಯೋತಿ ಅಕ್ಕನವರಿಗೆ ಶರಣು.

ನಿಮ್ಮ ಅತ್ತೆ ಗುರುಶಾಂತಮ್ಮನವರು ಆರಾಮಿದ್ದಾರೇನ್ರಿ? ಫೋನ್ ಮಾಡಿ ಕೇಳಲು ಧೈರ್ಯವಾಗದೆ ಈ ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಹಳ್ಳಿ ಗ್ರಂಥಾಲಯಗಳ ಕಂಪ್ಯೂಟರುಗಳಿಗೆ ನಾವು ಕಳಿಸುವ ಲಿನಕ್ಸ್ ಇಮೇಜ್, ಅಂದರೆ ಇಡೀ ವ್ಯವಸ್ಥೆಯ ಪಡಿಯಚ್ಚು, ತಾನಾಗಿಯೇ ತಯಾರಾಗಿ ತಾನಾಗಿಯೇ ಪರೀಕ್ಷೆ ಮುಗಿಸುತ್ತದೆ. ಕೊನೆಗೆ ನಿಮ್ಮ ಯಜಮಾನರು ವಿಶ್ವಾರಾಧ್ಯ ಸರ್ ಅವರ ಫೋನಿಗೆ ಗಂಟೆ ಹೊಡೆದು, ಅವರು 'ಒಪ್ಪಿಗೆ' ಒತ್ತಿದರೆ ಮಾತ್ರ ಅದು ಹೊರಡುವಂತೆ ಅವರೇ ಕಟ್ಟಿದ್ದರು. ಅವರನ್ನು ಮಣ್ಣು ಮಾಡಿದ ಮರುವಾರವೂ ಅವರ ಹೆಸರಿನಲ್ಲಿ ಒಪ್ಪಿಗೆ ಬಂದಾಗ ನಾನು ಹೌಹಾರಿ ಕುರ್ಚಿಯಿಂದ ಎದ್ದುಬಿಟ್ಟಿದ್ದೆ.

ನಾನು ಅತನೂರಿಗೆ ಬಂದು ಕೇಳಿದಾಗ ನಿಮ್ಮ ಅತ್ತೆ ಸರ್ ಅವರ ಆ ಫೋನನ್ನು ಸೆರಗಿನೊಳಗೆ ಹಿಡಿದುಕೊಂಡು ಅಂದಿದ್ದರು: "ನನ್ನ ಮಗನ್ನ ಕೇಳಾಕತ್ತಾರ. ಜವಾಬು ಕೊಡಬ್ಯಾಡೇನು?"

ಅಂದಿನಿಂದ ಪ್ರತಿ ಇಮೇಜನ್ನೂ ನಾನೇ ಮೊದಲು ನೋಡಿ, ಗಂಟೆಯನ್ನು ಮಾತ್ರ ಅವರ ಕೈಯಲ್ಲಿರುವ ಆ ಫೋನಿಗೇ ಹೊಡೆಯುವಂತೆ ಹಾಗೇ ಬಿಟ್ಟಿದ್ದೇನೆ.

ಮೊನ್ನೆ ಹೊಡೆದ ಗಂಟೆಗೆ ಇನ್ನೂ ಜವಾಬು ಬಂದಿಲ್ಲ ಅಕ್ಕಾ. ಇಮೇಜ್ ಸಿದ್ಧವಿದೆ, ನಾನೇ ಒತ್ತಿ ಕಳಿಸಬಹುದು. ಬೆರಳು ಏಳುತ್ತಿಲ್ಲ. ಫೋನಿಗೆ ಚಾರ್ಜಿಲ್ಲ ಎಂದಷ್ಟೇ ಬರೆದರೂ ಸಾಕು.

ದಾರಿ ಕಾಯುತ್ತ,
ಮಧುಮತಿ