ಹದಿನಾಲ್ಕನೇ ಕೋಣೆಯ ಬಾಡಿಗೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಅಮ್ಮನಿಗೆ,

ಫೋನು ಕೈಯಲ್ಲೇ ಇರುವಾಗ ಇದೇನು ಕಾಗದ ಎಂದು ಹುಬ್ಬೇರಿಸಬೇಡ. ಫೋನಿನಲ್ಲಾದರೆ ನೀನು ಎರಡೇ ನಿಮಿಷಕ್ಕೆ "ಸರಿ, ಇಡ್ತೀನಿ" ಅನ್ನುತ್ತೀಯ. ಎದುರಿಗೆ ಬಂದು ಹೇಳೋಣವೆಂದರೆ, ನಿನ್ನ ಮುಖ ನೋಡಿದ ಕೂಡಲೇ ನಾನು ಬೇರೆ ಏನೋ ಮಾತು ತೆಗೆದುಬಿಡುತ್ತೇನೆ. ಚಹಾ ಮಾಡಿಕೊಂಡು, ಕೂತು ಓದು. ಅರ್ಧಕ್ಕೆ ಸಿಟ್ಟು ಬಂದರೂ ಪೂರ್ತಿ ಓದು.

ಶುಕ್ರವಾರ ನೀನು ಫೋನು ಮಾಡಿ, ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಕೆಲಸ ಸಿಕ್ಕಿತು ಅಂದೆ. ನಿನ್ನ ದನಿ ಅಷ್ಟು ಹಗುರವಾಗಿ ಕೇಳಿ ಎಷ್ಟು ಕಾಲವಾಗಿತ್ತೋ. "ಐವತ್ಮೂರು ವರ್ಷದವಳನ್ನ ತಗೊಂಡ್ರು ನೋಡೇ! ಹೆಚ್ಚಿಗೆ ಒಂದ್ ಮಾತೂ ಕೇಳ್ಲಿಲ್ಲ" ಎಂದು ನಕ್ಕೆ. ನಾನೂ ನಕ್ಕ ಹಾಗೆ ಮಾಡಿದೆ.

ಕೇಳಲಿಲ್ಲ ಎನ್ನುವುದು ನಿಜವಲ್ಲ ಅಮ್ಮ. ಕೇಳಿದರು. ನಿನ್ನನ್ನು ಕೇಳಲಿಲ್ಲ, ಅಷ್ಟೇ. ಕೇಳಿದವಳು ನಾನು.

ನಮ್ಮ ಕಂಪನಿಯ ಕೆಲಸವೇನೆಂದು ನೀನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ವಿಚಾರಿಸಲಿಲ್ಲ. ಯಾರಾದರೂ ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಅವರ ಪೂರ್ವಾಪರ ನೋಡಿ ವರದಿ ಕೊಡುವವರು ನಾವು. ಹಿಂದಿನ ಕೆಲಸ, ಮನೆ ವಿಳಾಸ, ಬ್ಯಾಂಕಿನ ಲೆಕ್ಕ, ಸಾಲ. ನನ್ನದು ಹಣಕಾಸಿನ ಮೇಜು. ಕಳೆದ ತಿಂಗಳ ಒಂದು ಸೋಮವಾರ ಬೆಳಗ್ಗೆ ಕಂಪ್ಯೂಟರ್ ತೆರೆದರೆ, ಪಟ್ಟಿಯಲ್ಲಿ ಮೂರನೆಯ ಕಡತ ನಿನ್ನದು. ಫೋಟೋದಲ್ಲಿ ನೀನು, ಕತ್ತು ತುಸು ಓರೆ ಮಾಡಿಕೊಂಡು, ಫೋಟೋದವನ ಮೇಲೆ ರೇಗಿದವಳ ಹಾಗೆ.

ಸಂಬಂಧಿಕರ ಕಡತ ಬಂದರೆ ಅದನ್ನು ತೆರೆಯದೆ ಬೇರೆಯವರಿಗೆ ಕೊಡಬೇಕೆಂಬ ನಿಯಮವಿದೆ. ನಾನು ಕೊಡಲಿಲ್ಲ. ನಿನಗೆ ತೊಂದರೆ ಆಗದಿರಲಿ ಎಂದು ಇಟ್ಟುಕೊಂಡೆ ಎಂದು ಬರೆಯಲು ಹೋಗಿ ಈಗಷ್ಟೇ ಒಂದು ಹಾಳೆ ಹರಿದೆ. ನಿಜ ಹೇಳಬೇಕೆಂದರೆ ನನಗೆ ಕುತೂಹಲ ತಡೆಯಲಿಲ್ಲ. ಊರಿಗೆಲ್ಲ ಇಣುಕುವವಳು ನಾನು, ನಮ್ಮಮ್ಮನ ಒಂದು ಹಾಳೆಯನ್ನೂ ನೋಡಿರಲಿಲ್ಲ.

ಆರು ತಿಂಗಳ ಬ್ಯಾಂಕಿನ ಲೆಕ್ಕದಲ್ಲಿ ಎಲ್ಲವೂ ನನಗೆ ಗೊತ್ತಿದ್ದದ್ದೇ, ಒಂದನ್ನು ಬಿಟ್ಟು. ಪ್ರತಿ ತಿಂಗಳ ನಾಲ್ಕನೇ ತಾರೀಕು ಒಬ್ಬ ಮನೆ ಮಾಲೀಕರ ಹೆಸರಿಗೆ ಹಣ ಹೋಗಿತ್ತು. ಪಕ್ಕದಲ್ಲಿ "ಕೋಣೆ ೧೪, ಅರ್ಧ ಬಾಡಿಗೆ" ಎಂದಿತ್ತು. ನೀನು ಕೊಟ್ಟ ವಿಳಾಸಗಳಲ್ಲಿ ಅಂಥ ಕೋಣೆಯೇ ಇರಲಿಲ್ಲ. ಕಂಪ್ಯೂಟರ್ ತಾನಾಗಿಯೇ ಅದಕ್ಕೆ ಕೆಂಪು ಗುರುತು ಹಾಕಿತು: ವಿವರಣೆ ಬೇಕು. ಮೂರು ದಿನದೊಳಗೆ ವಿವರಣೆ ಬರೆಯದಿದ್ದರೆ ಕಡತ ಆ ಕೆಂಪು ಗುರುತಿನ ಸಮೇತ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಅದನ್ನು ನೋಡಿದವರು ಮುಂದೆ ಓದುವುದಿಲ್ಲ.

ನಿನ್ನನ್ನೇ ಕೇಳಬಹುದಿತ್ತು. ಎರಡು ಸಲ ಫೋನು ಕೈಗೆತ್ತಿಕೊಂಡೆ. ಆದರೆ ತಲೆಯಲ್ಲಿ ಏನೇನು ಓಡಿತೆಂದು ಕೇಳಬೇಡ! ನಿನಗೊಂದು ಬೇರೆ ಸಂಸಾರವೇ ಇದೆಯೆಂದು ಊಹಿಸಿ, ಆ ಮನೆಯ ಪರದೆಯ ಬಣ್ಣದವರೆಗೂ ಹೋಗಿದ್ದೆ. ಮಂಗಳವಾರ ಊಟದ ಬಿಡುವಿನಲ್ಲಿ ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡು, ಆ ಮಾಲೀಕರ ಹೆಸರಿನಿಂದ ಹುಡುಕಿ ತೆಗೆದ ವಿಳಾಸಕ್ಕೆ ಹೋದೆ. ಮಗಳಾಗಿ ಹೋಗಲಿಲ್ಲ. ತನಿಖೆಯವಳಾಗಿ ಹೋದೆ. ನನಗೆ ಈಗಲೂ ನಾಚಿಕೆಯಾಗುವುದು ಅದಕ್ಕೇ.

ಕೆಳಗೆ ಮುದ್ರಣಾಲಯ, ಪಕ್ಕದಲ್ಲಿ ಕಿರಿದಾದ ಮೆಟ್ಟಿಲು. ಮೂರನೇ ಮಹಡಿಯಲ್ಲಿ ಹದಿನಾಲ್ಕನೇ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ನೆಲದಿಂದ ಸೂರಿನವರೆಗೆ ಬ್ಯಾಗುಗಳು! ಶಾಲೆಯ ಬ್ಯಾಗು, ಪ್ರಯಾಣದ ಬ್ಯಾಗು, ಹಲ್ಲು ಉದುರಿದ ಜಿಪ್ಪುಗಳು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಮಧ್ಯೆ ಎರಡು ಹೊಲಿಗೆ ಯಂತ್ರ. ಒಂದು ಹಳೆಯದು, ಇನ್ನೊಂದು ಹೊಚ್ಚ ಹೊಸದು. ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡ ಹೆಂಗಸೊಬ್ಬರು ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿದ್ದರು. ಬೀದಿಯಲ್ಲಿ ಎಲ್ಲರೂ ಅವರನ್ನು ಜಿಪ್ಪಮ್ಮ ಅನ್ನುತ್ತಾರಂತೆ.

ನಾನು ಗುರುತಿನ ಚೀಟಿ ತೋರಿಸಿ, ದಿನಕ್ಕೆ ಮೂವತ್ತು ಸಲ ಹೇಳುವ ಪಾಠವನ್ನೇ ಒಪ್ಪಿಸಿದೆ: "ಒಂದೇ ಒಂದು ಸಣ್ಣ ಪ್ರಶ್ನೆ ಮೇಡಂ, ಬೇಗ ಮುಗಿಸ್ತೀನಿ."

ಅವರು ದಾರ ಉಗಿದು ನನ್ನನ್ನೇ ನೋಡಿದರು. "ಆ ಮಾತು ನಿಮ್ಮವರಿಗೆ ಯಾರು ಕಲಿಸ್ತಾರೋ! ಹನ್ನೊಂದು ವರ್ಷದ ಹಿಂದೆ ನಿಮ್ಮಮ್ಮನಿಗೂ ಹಿಂಗೇ ಫೋನ್ ಮಾಡಿದ್ರು. ಕೂತ್ಕೊ. ಮೂಗು ಅವಳದೇ, ಯಾರು ಅಂತ ಕೇಳ್ಬೇಕಾಗಿಲ್ಲ."

ಉಳಿದದ್ದು ನಿನಗೆ ಗೊತ್ತು. ಆದರೂ ಅವರು ಹೇಳಿದ ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನೀನು ಕೆಲಸಕ್ಕಿದ್ದ ಆ ಔಷಧಿ ಅಂಗಡಿಯಲ್ಲಿ ನೀವಿಬ್ಬರೂ ಜೊತೆಗಿದ್ದಿರಿ. ಅವರ ಗಂಡ ಹಾಸಿಗೆ ಹಿಡಿದಿದ್ದರು. ಜಿಪ್ಪಮ್ಮ ದೊಡ್ಡ ಅಂಗಡಿಯೊಂದರ ಕ್ಯಾಶ್ ಕೌಂಟರಿಗೆ ಅರ್ಜಿ ಹಾಕಿದರು. ಯಾರೋ ನಿನಗೆ ಫೋನು ಮಾಡಿ, ಅವರಿಗೆ ಹಣದ ತಾಪತ್ರಯವೇನಾದರೂ ಇದೆಯೇ ಎಂದು ಕೇಳಿದರು. ನೀನು ಕರುಣೆ ಹುಟ್ಟಲಿ ಎಂದು, "ಪಾಪ, ಗಂಡನ ಆಸ್ಪತ್ರೆ ಖರ್ಚಿಗೆ ಮೈತುಂಬ ಸಾಲ ಮಾಡ್ಕೊಂಡಿದಾಳೆ, ದಯವಿಟ್ಟು ಈ ಕೆಲಸ ಕೊಡಿಸಿ" ಅಂದೆ. ಅವರ ಕಡತದಲ್ಲಿ ಒಂದೇ ಸಾಲು ಬಿತ್ತು: ಸಾಲದ ಒತ್ತಡವಿದೆ, ಹಣ ಮುಟ್ಟುವ ಕೆಲಸಕ್ಕೆ ಬೇಡ. ಗುಮಾಸ್ತನೊಬ್ಬ ಅದನ್ನು ಅವರ ಎದುರೇ ಗಟ್ಟಿಯಾಗಿ ಓದಿದನಂತೆ.

"ಅವತ್ತು ಸಾಯಂಕಾಲವೇ ನಿಮ್ಮಮ್ಮ ಬಂದು, ಹೇಳಿದ್ದು ನಾನೇ ಕಣೇ ಅಂದ್ಲು. ನಾನು ಬಾಗಿಲು ಹಾಕ್ದೆ. ನಾಲ್ಕು ತಿಂಗಳು ಹಾಕ್ದೆ. ನಮ್ಮನೆಯವರು ತೀರ್ಕೊಂಡ್ಮೇಲೆ ನಾನು ಈ ಕೋಣೆಗೆ ಬಂದೆ. ಅವಳು ಅರ್ಧ ಬಾಡಿಗೆ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತಿದ್ಲು. ದಂಡ ಅಂತ ಇಸ್ಕೊಂಡೆ. ಆಮೇಲೆ ಪ್ರತಿ ಗುರುವಾರ ಬರೋಕೆ ಶುರು ಮಾಡಿದ್ಲು. ಇಬ್ಬರೂ ಜಗಳ ಆಡ್ತೀವಿ, ಇಸ್ಪೀಟ್ ಆಡ್ತೀವಿ. ನಿಮ್ಮಮ್ಮ ಬಲು ಮೋಸಗಾತಿ, ಗೊತ್ತಾ?"

ಗುರುವಾರ ಎಂದರೆ ನಮಗೆಲ್ಲ ನೀನು ಅಂಗಡಿಯಲ್ಲಿ ದಾಸ್ತಾನು ಎಣಿಸುವ ದಿನ. ಅಂಗಡಿ ಮುಚ್ಚಿ ಎಂಟು ತಿಂಗಳಾದರೂ ಗುರುವಾರ ನಿನಗೆ ಎಲ್ಲೋ ಏನೋ ಎಣಿಸುವುದಿರುತ್ತಿತ್ತು. ನಾನು ಈ ಕೆಲಸಕ್ಕೆ ಸೇರಿದ ವಾರ ಕನ್ನಡಿಯ ಮುಂದೆ ನಿಂತು "ಒಂದೇ ಒಂದು ಸಣ್ಣ ಪ್ರಶ್ನೆ" ಎಂದು ಅಭ್ಯಾಸ ಮಾಡುತ್ತಿದ್ದಾಗ ನೀನು ಅರ್ಧ ಊಟ ಬಿಟ್ಟು ಎದ್ದದ್ದು ನೆನಪಿದೆ. ಮಗಳು ಸಂಪಾದಿಸುವುದು ನಿನಗೆ ಹಿಡಿಸಲಿಲ್ಲವೆಂದುಕೊಂಡು ಮೊದಲ ಸಂಬಳದಲ್ಲಿ ನಿನಗೆ ಸೀರೆಯನ್ನೇ ತರಲಿಲ್ಲ. ಯಾಕಮ್ಮ ಹೇಳಲಿಲ್ಲ? ಒಂದು ಮಾತು ಹೇಳಿದ್ದರೆ?

ನಾನು ಅವರಿಗೆ, "ಏನೂ ತೊಂದರೆ ಇಲ್ಲ, ಗೆಳತಿಗೆ ಬಾಡಿಗೆಗೆ ಸಹಾಯ ಅಂತ ಬರೆದ್ರೆ ಕೆಂಪು ಗುರುತು ಹೋಗತ್ತೆ" ಅಂದೆ. ಅವರ ಕೈಯ ಕತ್ತರಿ ಅಲ್ಲೇ ನಿಂತಿತು.

"ಬೇಡಮ್ಮ. ನಿಮ್ಮಮ್ಮನಿಗೆ ಕೆಲಸ ಸಿಗ್ಲಿ, ಬೇಕಾದ್ರೆ ನಾನೇ ಬಂದು ಕಾಲು ಹಿಡೀತೀನಿ. ಆದ್ರೆ ನನ್ನ ಕಷ್ಟ ಮತ್ತೆ ಯಾರ್ದೋ ಕಡತದಲ್ಲಿ ಕೂರೋದು ಬೇಡ."

ಬರೆದರೆ ಅವರಿಗೆ ಎರಡನೇ ಸಲ ಅದೇ ಅನ್ಯಾಯ. ಬರೆಯದಿದ್ದರೆ ನಿನ್ನ ಕೆಲಸ ಹೋಯಿತು. ಸುಳ್ಳು ಬರೆಯುವುದು ನನಗೆ ಎಷ್ಟು ಸುಲಭವಿತ್ತು ಗೊತ್ತೇ? ಬೆರಳು ಕೀಲಿಗಳ ಮೇಲೆಯೇ ಇತ್ತು. ಗುರುವಾರ ಬೆಳಗ್ಗೆ ನಮ್ಮ ಮೇಡಂ ಮುಂದೆ ಹೋಗಿ, ಇದು ನನ್ನ ತಾಯಿಯ ಕಡತ, ತೆರೆದು ನೋಡಿದ್ದೇನೆ, ವಿಳಾಸಕ್ಕೂ ಹೋಗಿಬಂದಿದ್ದೇನೆ ಎಂದು ಒಪ್ಪಿಕೊಂಡೆ. ಅವರ ಮುಖ ಕೆಂಪಾಯಿತು. ಆ ಹಣ ಯಾಕೆ ಹೋಗಿದೆ ಎಂದು ಕೇಳಿದರು. ನನಗೆ ಗೊತ್ತು, ಆದರೆ ಹೇಳುವುದಿಲ್ಲ ಅಂದೆ.

ಕಡತ ಎದುರು ಮೇಜಿನ ಹಿರಿಯರಿಗೆ ಹೋಯಿತು. ನಾವೆಲ್ಲ ಅವರನ್ನು ತಾತ ಅನ್ನುತ್ತೇವೆ. ಅವರು ಆಸ್ಪತ್ರೆಯವರ ಪತ್ರವನ್ನು ಬೆರಳಿಟ್ಟುಕೊಂಡು ಓದಿದರು. "ಇವರು ಕೇಳಿರೋದು ಹಿಂದಿನ ಸಂಬಳ ಎಷ್ಟು, ಕಟ್ಟದೇ ಇರೋ ಸಾಲ ಇದೆಯಾ, ಕೇಸು ಇದೆಯಾ. ಮೂರಕ್ಕೂ ಉತ್ತರ ಇದೆ. ಕೈಲಿರೋ ದುಡ್ಡು ಆಯಮ್ಮ ಯಾರಿಗೆ ಕೊಟ್ರು ಅಂತ ಇವರು ಕೇಳೇ ಇಲ್ವಲ್ಲ. ನಾವ್ಯಾಕೆ ಹೇಳೋದು?" ಎಂದು ಗುರುತು ತೆಗೆದು ಕಳಿಸಿದರು. ಇಷ್ಟು ವರ್ಷ ಆ ಪತ್ರಗಳನ್ನು ನಾನು ಹಾಗೆ ಓದಿರಲೇ ಇಲ್ಲ. ಎಷ್ಟು ಜನರ ಕಡತ ಕೆಂಪು ಗುರುತಿನ ಸಮೇತ ನನ್ನ ಕೈಯಿಂದ ಹಾಗೇ ಹೋಗಿದೆಯೋ. ಅದನ್ನು ಯೋಚಿಸಿದರೆ ಊಟ ಸೇರುವುದಿಲ್ಲ.

ನನ್ನನ್ನು ಹಣಕಾಸಿನ ಮೇಜಿನಿಂದ ತೆಗೆದು ಅಂಕಪಟ್ಟಿ ಪರೀಕ್ಷಿಸುವ ಕಡೆ ಹಾಕಿದ್ದಾರೆ. ಈ ವರ್ಷ ಸಂಬಳ ಹೆಚ್ಚುವುದಿಲ್ಲ. ನೀನು ಮೇಡಂಗೆ ಫೋನು ಗೀನು ಮಾಡಲು ಹೋಗಬೇಡ, ನನಗೆ ಅದು ಸರಿಯಾಗಿಯೇ ಇದೆ. ಕೆಲಸ ನಿನಗೆ ನಿನ್ನ ಇಪ್ಪತ್ತೆರಡು ವರ್ಷದ ಅನುಭವಕ್ಕೇ ಸಿಕ್ಕಿತು. ನಾನು ಅದಕ್ಕೆ ಒಂದು ಅಕ್ಷರವನ್ನೂ ಸೇರಿಸಲಿಲ್ಲ.

ನಿನ್ನ ಅನುಮತಿ ಇಲ್ಲದೆ ನಿನ್ನ ಬದುಕಿನೊಳಗೆ ಕಾಲಿಟ್ಟೆ. ಬೈಯಬೇಕೆನಿಸಿದರೆ ಬಂದು ಬೈ, ಫೋನಿನಲ್ಲಿ ಬೇಡ. ಬರುವಾಗ ಇಸ್ಪೀಟ್ ಎಲೆಗಳನ್ನು ತಾ. ಅಷ್ಟು ಮೋಸ ಮಾಡುವುದನ್ನು ಎಲ್ಲಿ ಕಲಿತೆ ಎಂದು ನೋಡಬೇಕು.

ನಿನ್ನ ಮಡಿಲಲ್ಲಿ ತಲೆಯಿಟ್ಟು,
ನಿನ್ನ ಮಗಳು

ಮರೆತಿದ್ದೆ: ನಾನು ಹೊರಡುವಾಗ ಜಿಪ್ಪಮ್ಮ ಆ ಹೊಸ ಯಂತ್ರದ ಮೇಲೆ ಕೈಯಿಟ್ಟುಕೊಂಡು ಬಾಡಿಗೆಯ ವಿಷಯವಾಗಿ ಇನ್ನೊಂದು ಮಾತು ಹೇಳಿದರು. ಮೂರು ವರ್ಷದಿಂದ ನಿನಗೆ ಹೇಳಬೇಕೆಂದುಕೊಂಡಿದ್ದಾರಂತೆ. ಹೇಳಿದರೆ ನೀನು ಗುರುವಾರ ಬರುವುದನ್ನೇ ಬಿಟ್ಟೀಯ ಎಂದು ಭಯವಂತೆ. ಅದೇನೆಂದು ನನಗೆ ಗೊತ್ತು. ಆದರೆ ಅದು ಅವರ ಮಾತು, ನಾನು ಹೇಳುವುದಿಲ್ಲ. ಬಿಡುವುದಿಲ್ಲ ಎಂದು ಮೊದಲು ಮಾತು ಕೊಟ್ಟು, ಆಮೇಲೆ ನೀನೇ ಕೇಳು.