ಎದ್ದು ನಿಂತ ಭಾನುವಾರ

ಮೂರನೆಯ ಮಹಡಿ, ಕಿಟಕಿಯ ಪಕ್ಕದಿಂದ
ಬುಧವಾರ ಮಧ್ಯಾಹ್ನ

ನನ್ನ ಪ್ರೀತಿಯ ಬಾಯಿಬಡುಕಿಗೆ,

ಅಜ್ಜಿಯ ಮುತ್ತುಗಳು, ಕೆನ್ನೆಗೆರಡು, ಹಣೆಗೊಂದು. ಹೇಗಿದ್ದೀಯೆ ಮಗಳೇ? ಜ್ವರ ಪೂರ್ತಿ ಬಿಟ್ಟಿತಾ? ಪಾಳಿ ಮುಗಿಸಿ ಬಂದು ಊಟ ಮಾಡದೆ ಮಲಗುವ ಚಾಳಿ ಇನ್ನೂ ಇದೆಯಾ? ಮಿಷನ್ ಆಸ್ಪತ್ರೆಯ ನರ್ಸಮ್ಮನಿಗೆ ಹೊಟ್ಟೆ ಇರಬಾರದು ಅಂತ ಯಾರೂ ಬರೆದಿಟ್ಟಿಲ್ಲ. ಟೋಪಿ ಬಿಗಿಯಾಗಿ ತಲೆ ನೋಯುತ್ತದೆ ಎಂದಿದ್ದೆಯಲ್ಲ, ಹಿಂದಿನ ಹೊಲಿಗೆ ಸ್ವಲ್ಪ ಬಿಚ್ಚು. ನಾನಲ್ಲಿದ್ದರೆ ಎರಡು ನಿಮಿಷದ ಕೆಲಸ.

ಇಲ್ಲಿ ಎಲ್ಲರೂ ಸೌಖ್ಯ. ನಿನ್ನಪ್ಪನ ಬಸ್ಸಿಗೆ ಹೊಸ ರೂಟು ಬಂದಿದೆ, ಬರೀ ತಿರುವುಗಳಂತೆ, ಮನೆಗೆ ಬಂದರೂ ಅವನ ಭುಜ ಇನ್ನೂ ಸ್ಟೇರಿಂಗ್ ತಿರುಗಿಸುತ್ತಿರುತ್ತದೆ. ನಿನ್ನಮ್ಮ ಔಷಧಿ ಅಂಗಡಿಯಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು ಬರುತ್ತಾಳೆ, ಪಾಪ. ನಾನು? ನಾನು ಇದ್ದಲ್ಲೇ ಇದ್ದೇನೆ. ನೂಲಿನುಂಡೆ ತರಲು ಹೋಗಿ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡೆನಲ್ಲ, ಅಂದಿನಿಂದ ಇವರಿಬ್ಬರೂ ಕೆಲಸಕ್ಕೆ ಹೊರಟರೆ ಬಾಗಿಲಿಗೆ ಹೊರಗಿನಿಂದ ಬೀಗ. ಕಾಲು ಯಾವಾಗಲೋ ವಾಸಿಯಾಯಿತು, ಬೀಗಕ್ಕೆ ಮಾತ್ರ ವಾಸಿಯಾಗಲಿಲ್ಲ. "ಒಳಗೆ ಬೆಂಕಿ ಬಿದ್ರೆ ಏನ್ ಮಾಡ್ಲೋ?" ಅಂದರೆ, "ಬೀಳಬಾರ್ದು ಅಂತಾನೇ ಗ್ಯಾಸ್ ಆಫ್ ಮಾಡಿ ಹೋಗ್ತೀನಲ್ಲಮ್ಮಾ" ಅನ್ನುತ್ತಾನೆ ನಿನ್ನಪ್ಪ. ಸಿಟ್ಟಿನಿಂದ ಹಾಕಿದ ಬೀಗವಾಗಿದ್ದರೆ ರಂಪ ಮಾಡಬಹುದಿತ್ತು. ಇದು ಪ್ರೀತಿಯ ಬೀಗ, ಜಗಳಕ್ಕೂ ದಾರಿಯಿಲ್ಲ. ನನ್ನ ಹೊಲಿಗೆ ಮಷೀನಿನ ಮೇಲೆ ಈಗ ಟಿ.ವಿ. ಕೂತಿದೆ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಜನ್ಮ ಸವೆಸಿದವಳು ಈಗ ತನ್ನದೇ ಮಷೀನಿನ ಮುಂದೆ ಕೂತು ಬೇರೆಯವರ ಅಳು ನಗು ನೋಡುತ್ತಾಳೆ.

ಸರಿ, ಗೋಳು ಸಾಕು. ವಿಷಯಕ್ಕೆ ಬರುತ್ತೇನೆ. ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬೊಬ್ಬ ಮಿಷನರಿಯನ್ನು ಒಂದೊಂದು ಮನೆಗೆ ಪ್ರಾರ್ಥನೆಗೆಂದು ಹಂಚಿಕೊಟ್ಟಿರುವುದು ನಿನಗೆ ಗೊತ್ತಲ್ಲ. ನೀನು ನಮ್ಮ ಮನೆಯ ಪಾಲು. ಬುಧವಾರ ಸಂಜೆ ನಿನ್ನಮ್ಮ ಬಂದು ಬೀಗ ತೆಗೆದ ಮೇಲೆ ನಾಲ್ಕು ಹೆಂಗಸರು ಬರುತ್ತಾರೆ. ಮೇಜಿನ ಮೇಲೆ ನಿನ್ನ ಫೋಟೋ ಇಟ್ಟು, ನಿನ್ನ ಪತ್ರ ಓದಿ, ನೀನು ಕೇಳಿದ್ದಕ್ಕೆಲ್ಲ ಪ್ರಾರ್ಥಿಸುತ್ತೇವೆ. ನೀನು ಆವತ್ತು ಬರೆದಿದ್ದೆ: ಯಾರೋ ದಾನ ಕೊಟ್ಟ ಹೊಲಿಗೆ ಮಷೀನು ಮುಸುಕು ಹಾಕಿಕೊಂಡು ಬಿದ್ದಿದೆ, ತುಳಿಯುವವರಿಲ್ಲ, ಹಾಸಿಗೆ ಬಟ್ಟೆಗಳು ನಡುವೆ ಹರಿದು ಹೋಗಿವೆ, ಹುಟ್ಟಿದ ಮಕ್ಕಳನ್ನು ಗೋಧಿಹಿಟ್ಟಿನ ಚೀಲ ಒಗೆದು ಅದರಲ್ಲಿ ಸುತ್ತುತ್ತೇವೆ ಎಂದು. ಅಂದಿನಿಂದ ಆ ನಾಲ್ವರಲ್ಲಿ ಬೇಕರಿಯವಳು, ಅವಳ ಗಂಟಲು ನಿನಗೆ ಗೊತ್ತಲ್ಲ, ಸೂರು ಹಾರುವಂತೆ ಬೇಡುತ್ತಾಳೆ: "ಕರ್ತನೇ, ಹೊಲಿಗೆ ಬಲ್ಲ ಒಬ್ಬರನ್ನ ಅಲ್ಲಿಗೆ ಕಳಿಸಪ್ಪಾ!" ನಾನೂ ಜೋರಾಗಿ ಆಮೆನ್ ಅನ್ನುತ್ತೇನೆ. ವಾರಾ ವಾರಾ ಆಮೆನ್ ಅಂದೆ ಮಗಳೇ. ಒಂದು ಬುಧವಾರ ಆಮೆನ್ ಅನ್ನುವ ಮೊದಲು ಕಣ್ಣು ಬಿಟ್ಟು ನನ್ನ ಕೈಗಳನ್ನೇ ನೋಡಿಕೊಂಡೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ ಇದು! ಹರಿದ ಹಾಸಿಗೆ ಬಟ್ಟೆಯನ್ನು ನಡುವೆ ಕತ್ತರಿಸಿ, ಗಟ್ಟಿ ಅಂಚುಗಳನ್ನು ಒಳಕ್ಕೆ ತಂದು ಜೋಡಿಸಿದರೆ ಅದು ಇನ್ನೂ ವರ್ಷಗಟ್ಟಲೆ ಬರುತ್ತದೆ. ಆ ಕೆಲಸ ಬಲ್ಲವಳು ಕಣ್ಣು ಮುಚ್ಚಿ ಕೂತು, ಬಲ್ಲವರನ್ನು ಕಳಿಸು ಎಂದು ದೇವರನ್ನು ಪೀಡಿಸುತ್ತಿದ್ದಾಳೆ. ನನಗೇ ನಾಚಿಕೆಯಾಯಿತು.

ಅದೇ ಹೊತ್ತಿಗೆ ಹೋದ ಭಾನುವಾರ ಹೊರಗಿನಿಂದ ಒಬ್ಬ ಬೋಧಕರು ಬಂದಿದ್ದರು. ಕೊನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ, ಸೇವೆಗೆ ಹೋಗಲು ಸಿದ್ಧರಿರುವವರು ಎದ್ದು ನಿಲ್ಲಿ ಎಂದರು. ನಾನು ಎದ್ದೆ. ಮುಂದಿನ ಬೆಂಚು ಹಿಡಿದು, ಮೊಣಕಾಲು ಲಟಕ್ ಅಂದರೂ ಬಿಡದೆ, ನೆಟ್ಟಗೆ ನಿಂತೆ. ಎಷ್ಟು ಸಂತೋಷವಾಯಿತು ಗೊತ್ತಾ! ಪಕ್ಕದಲ್ಲಿದ್ದ ನಿನ್ನಮ್ಮ ಒಂದೇ ಒಂದು ಕಣ್ಣು ತೆರೆದಳು. "ಬಾತ್‌ರೂಮಾ ಅತ್ತೇ?" ಅಂತ ಪಿಸುಗುಟ್ಟಿ, ತೋಳು ಹಿಡಿದು, ಬೆಂಚುಗಳ ನಡುವೆ ಮೆಲ್ಲಗೆ ನಡೆಸಿಕೊಂಡು ಹೊರಟೇಬಿಟ್ಟಳು. ನಾನೂ ಹೋದೆ ನೋಡು! ಅಲ್ಲಿ ಬಾಯಿ ತೆರೆದರೆ ಎಲ್ಲರ ಪ್ರಾರ್ಥನೆ ಕೆಡುತ್ತದೆ ಅಂತ ಹೋದೆ. ಒಳಗೆ ಚಿಲಕ ಹಾಕಿಕೊಂಡು ಅತ್ತೆ. ಹೊರಗಿನಿಂದ ಅವಳು "ಹುಷಾರು ಅತ್ತೇ, ನೆಲ ಒದ್ದೆ ಇದೆ" ಅನ್ನುತ್ತಿದ್ದಳು. ತಿರುಗಿ ಬರುವಷ್ಟರಲ್ಲಿ ಎದ್ದಿದ್ದ ಇನ್ನಿಬ್ಬರು ಹರೆಯದವರನ್ನು ಮುಂದೆ ನಿಲ್ಲಿಸಿ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಿದ್ದರು. ನಾನು ಚಪ್ಪಾಳೆ ತಟ್ಟಿದೆ.

ಬಿಡಲಿಲ್ಲ ನಾನು. ಬಾಗಿಲ ಹತ್ತಿರ ನಮ್ಮ ಪಾಸ್ಟರಿಗೆ, "ನಾನು ಎದ್ದಿದ್ದು ಕರೆಗೆ, ಬಾತ್‌ರೂಮಿಗಲ್ಲ" ಅಂದೆ. ಒಳ್ಳೆಯ ಮನುಷ್ಯ, ಎರಡೂ ಕೈ ಹಿಡಿದುಕೊಂಡರು. "ಅಜ್ಜೀ, ನೀವು ಮನೇಲಿ ಕೂತು ಪ್ರಾರ್ಥನೆ ಮಾಡೋದೇ ದೊಡ್ಡ ಸೇವೆ. ನಿಮಗೋಸ್ಕರ ನಾವೂ ಪ್ರಾರ್ಥಿಸ್ತೀವಿ" ಅಂದರು. ಮುಗಿಯಿತು! ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ. ಮನೆಯಲ್ಲಿ ಊಟಕ್ಕೆ ಕೂತಾಗ ನಿನ್ನಪ್ಪನಿಗೂ ಹೇಳಿದೆ. ಮೊದಲು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಮಗಳನ್ನ ಕೊಟ್ಟಾಯ್ತಲ್ಲಮ್ಮಾ. ನಿನ್ನನ್ನೂ ಕೊಡು ಅಂದ್ರೆ ನಾನೇನ್ ಕಲ್ಲಾ?" ಅಂದ, ತಟ್ಟೆ ಬಿಟ್ಟು ಎದ್ದುಹೋದ. ಮಾರನೆಯ ಬೆಳಿಗ್ಗೆ ಬೀಗ ಹಾಕಿದವನು ಎಳೆದು ನೋಡಿದ, ನಾಲ್ಕು ಮೆಟ್ಟಿಲು ಇಳಿದವನು ಮತ್ತೆ ಬಂದು ಇನ್ನೊಮ್ಮೆ ಎಳೆದು ನೋಡಿದ. ಒಳಗಿನಿಂದ ಕೇಳಿಸಿಕೊಂಡೆ. ಅವನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅಯ್ಯೋ ಅನ್ನಿಸಿತು. ಅವನನ್ನು ಹೆತ್ತವಳು ನಾನೇ ತಾನೇ.

ಇವತ್ತು ಸಂಜೆ ಅವರೆಲ್ಲ ಬರುತ್ತಾರೆ. ಮತ್ತೆ ನಿನ್ನ ಫೋಟೋ, ಮತ್ತೆ ಅದೇ ಬೇಡಿಕೆ. ಬಾಯಿ ಬಿಟ್ಟರೆ ಮಗನಿಗೆ ನೋವು, ಮುಚ್ಚಿಕೊಂಡರೆ ದೇವರ ಮುಂದೆ ಸುಳ್ಳು. ನನಗೆ ಅತ್ತ ದರಿ, ಇತ್ತ ಪುಲಿ.

ಇರಲಿ. ಚಳಿಗೆ ಕಾಲುಚೀಲ ಹಾಕಿಕೋ. ನಿನ್ನ ಜೊತೆಯ ನರ್ಸುಗಳಿಗೂ, ಚೀಲದಲ್ಲಿ ಸುತ್ತಿಸಿಕೊಂಡ ಆ ಪುಟಾಣಿಗಳಿಗೂ ನನ್ನ ಪ್ರೀತಿ ಹೇಳು. ಕರ್ತನು ನಿನ್ನ ಕೈಗಳನ್ನು ಬೆಚ್ಚಗಿಡಲಿ, ನಿನ್ನ ನಿದ್ದೆಯನ್ನು ಕಾಯಲಿ.

ನಿನ್ನ ಹಳೇ ದರ್ಜಿ,
ಅಜ್ಜಿ

ತಾ.ಕ.: ನಿನ್ನಮ್ಮ ಮೆಟ್ಟಿಲು ಹತ್ತುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಈ ಪತ್ರವನ್ನು ಬೇಕರಿಯವಳ ಕೈಲಿ ಅಂಚೆಗೆ ಹಾಕಿಸುತ್ತೇನೆ. ನೀನು ನಿನ್ನಪ್ಪನಿಗೆ ಬೇರೆಯೇ ಒಂದು ಪತ್ರ ಬರಿ. ಅಜ್ಜಿಗೆ ಬರೋಕೆ ಆಸೆ ಇದೆ ಅಂತ ಬರೆಯಬೇಡ, ಅಜ್ಜಿ ನನಗೆ ಬೇಕು ಅಂತ ಬರಿ. ನಾನು ಕೇಳಿದರೆ ಬೀಗ ಹಾಕುತ್ತಾನೆ, ನೀನು ಕೇಳಿದರೆ ತೆಗೆಯುತ್ತಾನೆ. ಅಲ್ಲಿ ನಿಜವಾಗಿಯೂ ನಾನು ಬೇಡವಾದರೆ ಬೇಡ ಅಂತಲೇ ಬರಿ, ತಡೆದುಕೊಳ್ಳುತ್ತೇನೆ. ಪ್ರಾರ್ಥಿಸುತ್ತೇನೆ ಅಂತ ಮಾತ್ರ ಬರೆಯಬೇಡ ಮಗಳೇ. ಪ್ರಾರ್ಥನೆಯನ್ನೇ ಇಲ್ಲಿ ನನ್ನ ಬಾಗಿಲಿಗೆ ಬೀಗ ಮಾಡಿ ಹಾಕಿದ್ದಾರೆ.